ಕಾಲಿನ ಬಣ್ಣ ನಂಬಬೇಡಿ, ಹಕ್ಕಿ ಹಾರುವವರೆಗೆ ಕಾಯಿರಿ

ಆಫ್ರಿಕಾದಲ್ಲಿ ನೀರಂಚಿನ ಕಂದು ಹಕ್ಕಿಗಳನ್ನು ಗುರುತಿಸಲು ಹೊರಟವರು ಮೊದಲು ನೋಡುವುದು ಕಾಲಿನ ಬಣ್ಣವನ್ನು. ಎಡವುವುದೂ ಅಲ್ಲೇ. ಕೀನ್ಯಾದ ನಕುರು ಸರೋವರದ ಬೂದು ಕೆಸರಲ್ಲಿ ಸ್ವಲ್ಪ ಹೊತ್ತು ಓಡಾಡಿದರೆ ಹಳದಿ ಕಾಲೂ ಕರಿಕಾಲಾಗುತ್ತದೆ. ತೊಳೆದು ಬಾ ಎಂದು ಹೇಳುವಂತಿಲ್ಲ.

ಒಳನಾಡಿನ ಕೆರೆ, ಅಣೆಕಟ್ಟುಗಳ ಅಂಚಿನಲ್ಲಿ ತಲೆಕೆಡಿಸುವವು ಮುಖ್ಯವಾಗಿ ಮೂರು: ಕಾಮನ್, ವುಡ್ ಮತ್ತು ಗ್ರೀನ್ ಸ್ಯಾಂಡ್‌ಪೈಪರ್. ಚಳಿಗಾಲದಲ್ಲಿ ಕರ್ನಾಟಕದ ಕೆರೆ, ಗದ್ದೆಗಳಿಗೆ ಬರುವ ಗೊರವಗಳೂ ಇವೇ. ಊರಲ್ಲಿ ನೋಡಿ ಪಳಗಿದ ಕಣ್ಣು ಅಲ್ಲೂ ಕೆಲಸಕ್ಕೆ ಬರುತ್ತದೆ.

ಕಾಮನ್ ಸುಲಭ. ಎದೆಯ ಬಿಳುಪು ಮಡಿಚಿದ ರೆಕ್ಕೆಯ ಮುಂದೆ ಭುಜದತ್ತ ಕೊಕ್ಕೆಯಂತೆ ಏರಿರುತ್ತದೆ, ಹಿಂಭಾಗ ಸದಾ ಕುಣಿಯುತ್ತಿರುತ್ತದೆ. ಹಾರುವಾಗ ರೆಕ್ಕೆ ಬಿಗಿಹಿಡಿದು, ಅದುರಿಸುತ್ತಾ, ನೀರಿಗೆ ತಾಗುವಷ್ಟು ಕೆಳಗೆ ಹೋಗುತ್ತದೆ. ಆದರೆ ಕುಣಿತ ಒಂದನ್ನೇ ನೆಚ್ಚಬೇಡಿ, ಅಲ್ಲೇ ನೆಲೆಸಿರುವ ತ್ರೀ-ಬ್ಯಾಂಡೆಡ್ ಪ್ಲವರ್ ಕೂಡ ಹಾಗೇ ಕುಣಿಯುತ್ತದೆ. ಎದೆಯ ಮೇಲೆ ಎರಡು ಕಪ್ಪು ಪಟ್ಟಿ, ಕಣ್ಣ ಸುತ್ತ ಕೆಂಪು ಬಳೆ ಕಂಡರೆ ಅದು ಪ್ಲವರ್.

ನಿಜವಾದ ಪೇಚು ವುಡ್ ಮತ್ತು ಗ್ರೀನ್ ನಡುವೆ. ಕೂತಾಗ ಹುಬ್ಬು ನೋಡಿ. ವುಡ್‌ಗೆ ಬಿಳಿ ಹುಬ್ಬು ಕಣ್ಣು ದಾಟಿ ಹಿಂದಕ್ಕೂ ಚಾಚಿರುತ್ತದೆ. ಗ್ರೀನ್‌ಗೆ ಕಣ್ಣಿನ ಮುಂದೆಯೇ ನಿಂತುಬಿಡುತ್ತದೆ, ಕಣ್ಣ ಸುತ್ತ ತೆಳು ಬಿಳಿ ಉಂಗುರ ಉಳಿಯುತ್ತದೆ. ವುಡ್‌ನ ಬೆನ್ನ ಮೇಲೆ ತಿಳಿ ಚುಕ್ಕೆಗಳು ಎದ್ದು ಕಾಣುತ್ತವೆ ಎಂದು ಪುಸ್ತಕಗಳು ಹೇಳುವುದು ಸರಿಯೇ. ಆದರೆ ಆಗಸ್ಟ್‌ನಲ್ಲಿ ಬಂದಿಳಿಯುವ ವಯಸ್ಕ ಹಕ್ಕಿಗಳ ಗರಿ ಸವೆದು ಚುಕ್ಕೆ ಅಳಿಸಿರುತ್ತದೆ, ಬೆನ್ನು ಕಪ್ಪಗೆ ಕಾಣುತ್ತದೆ. ಆ ತಿಂಗಳಲ್ಲಿ ಹಲವು ವುಡ್‌ಗಳು ಪಟ್ಟಿಯಲ್ಲಿ ಗ್ರೀನ್ ಆಗಿಬಿಡುತ್ತವೆ.

ಅನುಮಾನವಿದ್ದರೆ ಹಾರುವವರೆಗೆ ಕಾಯಿರಿ, ಎಬ್ಬಿಸಲು ಹೋಗಬೇಡಿ. ಎರಡಕ್ಕೂ ಬಾಲದ ಬುಡ ಬಿಳಿ. ತೀರ್ಪು ಇರುವುದು ರೆಕ್ಕೆಯ ಅಡಿಯಲ್ಲಿ: ಗ್ರೀನ್‌ಗೆ ಹೆಚ್ಚುಕಡಿಮೆ ಕಪ್ಪು, ವುಡ್‌ಗೆ ತಿಳಿಬೂದು. ವುಡ್‌ನ ಪಾದ ಬಾಲದಾಚೆ ಚೆನ್ನಾಗಿ ಚಾಚಿರುತ್ತದೆ, ಗ್ರೀನ್‌ನದು ತುಸುವೇ. ಕೂಗು ಇನ್ನೂ ಖಚಿತ. ವುಡ್ ಏಳುವಾಗ ಒಣದನಿಯಲ್ಲಿ ‘ಚಿಫ್-ಇಫ್-ಇಫ್’ ಎನ್ನುತ್ತದೆ, ಗ್ರೀನ್ ತುಂಬುದನಿಯಲ್ಲಿ ‘ಟ್ಲೂಈಟ್-ವೀಟ್-ವೀಟ್’ ಎನ್ನುತ್ತದೆ. ಸಣ್ಣ ತೊರೆಯಲ್ಲಿ ಒಂಟಿಯಾಗಿದ್ದರೆ ಗ್ರೀನ್ ಇರಬಹುದೆಂದು ಊಹಿಸಿ, ಊಹೆಯನ್ನೇ ಬರೆದುಕೊಳ್ಳಬೇಡಿ.

ಗೊಂದಲವಾಗುವ ಇನ್ನೊಂದು ಜೋಡಿಗೆ ಕೊಕ್ಕು ನೋಡಿ. ಮಾರ್ಷ್ ಸ್ಯಾಂಡ್‌ಪೈಪರ್‌ನದು ಸೂಜಿಯಂಥ ನೇರ ಕೊಕ್ಕು. ಗ್ರೀನ್‌ಶ್ಯಾಂಕ್‌ನದು ಬುಡದಲ್ಲಿ ದಪ್ಪ, ತುದಿ ತುಸು ಮೇಲಕ್ಕೆ. ಇಲ್ಲಿ ಇಷ್ಟು ಸಾಕು.

ಕರಾವಳಿಯಲ್ಲಿ ಜಾಗವೂ ಒಂದು ಸಾಕ್ಷಿ. ಇಳಿಬಾಗಿದ ಕೊಕ್ಕಿನ ಸಣ್ಣ ಬೂದು ಹಕ್ಕಿ ದಕ್ಷಿಣ ಆಫ್ರಿಕಾದ ಲಾಂಗೆಬಾನ್ ಲಗೂನಿನಲ್ಲಿ ಕಂಡರೆ ಅದು ಬಹುತೇಕ ಕರ್ಲ್ಯೂ ಸ್ಯಾಂಡ್‌ಪೈಪರ್. ಅದನ್ನೇ ಹೋಲುವ ಡನ್ಲಿನ್ ಅಲ್ಲಿ ಬಲು ಅಪರೂಪ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ದಂಡೆಹಕ್ಕಿಗಳು ಚಳಿಗಾಲ ಕಳೆಯುವ ಮಾರಿಟೇನಿಯಾದ ಬ್ಯಾಂಕ್ ದಾರ್ಗ್ಯಾಂನಲ್ಲಿ ಲೆಕ್ಕ ತಿರುಗುತ್ತದೆ, ಅಲ್ಲಿ ಡನ್ಲಿನ್ ಧಾರಾಳ. ಎರಡರ ಕೊಕ್ಕಿನ ಉದ್ದವೂ ಗಂಡು ಹೆಣ್ಣಿಗೆ ತಕ್ಕಂತೆ ಬದಲಾಗುವುದರಿಂದ ಇಲ್ಲಿ ಬಾಲದ ಬುಡವನ್ನೇ ನೋಡಬೇಕು: ಕರ್ಲ್ಯೂಗೆ ಅಡ್ಡಲಾಗಿ ಪೂರಾ ಬಿಳಿ, ಡನ್ಲಿನ್‌ಗೆ ನಡುವೆ ಕಪ್ಪು ಗೆರೆ.

ಗಾತ್ರ ಹೇಳಲು ಪಕ್ಕದಲ್ಲಿ ಇನ್ನೊಂದು ಹಕ್ಕಿ ಬೇಕೇ ಬೇಕು. ಲಿಟಲ್ ಸ್ಟಿಂಟ್ 12–14 ಸೆಂಟಿಮೀಟರ್, ಒಂಟಿಯಾಗಿ ನಿಂತರೆ ಎಷ್ಟು ದೊಡ್ಡದಾದರೂ ಅನಿಸೀತು. ರಫ್ ಇನ್ನೂ ಮೋಸಗಾರ. ಗಂಡು ಹೆಣ್ಣಿಗಿಂತ ಎಷ್ಟೋ ದೊಡ್ಡದು, ಕಾಲು ಹಸಿರಿನಿಂದ ಕಿತ್ತಳೆವರೆಗೆ ಯಾವ ಬಣ್ಣದಲ್ಲೂ ಇರಬಹುದು. ಒಂದೇ ಗುಂಪನ್ನು ಎರಡು ಮೂರು ಜಾತಿ ಎಂದು ಬರೆದುಕೊಳ್ಳುವವರಿದ್ದಾರೆ. ಬೆನ್ನಿನ ಗರಿಗಳು ಮೀನಿನ ಹುರುಪೆಯಂತೆ ಅಂಚುಗಟ್ಟಿರುವುದನ್ನು, ಹಾರಿದಾಗ ಬಾಲದ ಬುಡದ ಎರಡೂ ಬದಿಯ ಬಿಳಿ ಮೊಟ್ಟೆಯಾಕಾರಗಳನ್ನು ಹುಡುಕಿ.

ಅಳಿವೆಗೆ ಹೋಗುವುದಾದರೆ ಪೂರ್ಣ ಉಬ್ಬರಕ್ಕೆ ಎರಡು ಗಂಟೆ ಮೊದಲೇ ಹೋಗಿ, ಬಿಸಿಲು ಬೆನ್ನಿಗಿರಲಿ. ಏರುವ ನೀರು ಹಕ್ಕಿಗಳನ್ನು ನಿಮ್ಮತ್ತ ತಳ್ಳುತ್ತದೆ. 20–60 ಪಟ್ಟಿನ ಸ್ಕೋಪ್ ಇದ್ದರೂ ಬಿಸಿಲೇರಿದ ಮೇಲೆ 30 ದಾಟಿಸಬೇಡಿ, ಕಾವಿಗೆ ಗಾಳಿ ನಡುಗಿ ಹುಬ್ಬು, ಗೆರೆ ಎಲ್ಲ ಕಲಸಿಹೋಗುತ್ತದೆ. ಏಪ್ರಿಲ್‌ನಲ್ಲಿ ಇಟ್ಟಿಗೆ ಕೆಂಪು ಹೊದ್ದ ಕರ್ಲ್ಯೂ ಸ್ಯಾಂಡ್‌ಪೈಪರ್‌ಗಳು ಸೈಬೀರಿಯಾಕ್ಕೆ ಹೊರಟ ಮೇಲೂ ಜೂನ್‌ನಲ್ಲಿ ಒಂದಷ್ಟು ಬೂದು ಹಕ್ಕಿಗಳು ಅಲ್ಲೇ ಮೇಯುತ್ತಿದ್ದರೆ ಬೇರೆ ಜಾತಿ ಎಂದುಕೊಳ್ಳಬೇಡಿ. ಅವು ಹಿಂದಿನ ವರ್ಷ ಹುಟ್ಟಿ, ಈ ಸಲದ ಪಯಣ ತಪ್ಪಿಸಿಕೊಂಡ ಎಳೆಯ ಹಕ್ಕಿಗಳು.