ಚಿನ್ನದ ಅಕ್ಷರದ ಮದುವೆ ಪತ್ರ

ಓದುಗರ ಪ್ರಶ್ನೆ: ಮಧ್ಯಯುಗದ ಜರ್ಮನ್ ರಾಜಮನೆತನಗಳಲ್ಲಿ ಮದುವೆ ಅಂದರೆ ರಾಜಕೀಯ ಲೆಕ್ಕಾಚಾರ ಅಂತ ಓದಿದ್ದೇನೆ. ಹಾಗೆ ಬಂದ ಸೊಸೆಗೆ ನಿಜಕ್ಕೂ ಅಧಿಕಾರ ಇರುತ್ತಿತ್ತಾ, ಇಲ್ಲಾ ಸುಮ್ನೆ ಹೆಸರಿಗೆ ರಾಣಿಯಾ?

ಮದುವೆಯ ವಿಷಯದಲ್ಲಿ ಅವಳನ್ನು ಯಾರೂ ಕೇಳುತ್ತಿರಲಿಲ್ಲ, ಅದು ನಿಜ. 929ರ ಸುಮಾರಿಗೆ ಜರ್ಮನ್ ರಾಜ ಹೆನ್ರಿ ತನ್ನ ಮಗ ಒಟ್ಟೊಗೆ ಇಂಗ್ಲೆಂಡಿನಿಂದ ಹೆಣ್ಣು ತರಲು ಹೊರಟ. ಅಲ್ಲಿನ ರಾಜ ಅಥೆಲ್‌ಸ್ಟನ್ ಇಬ್ಬರು ತಂಗಿಯರನ್ನು ಒಟ್ಟಿಗೇ ಕಳಿಸಿಬಿಟ್ಟ. ಯಾರು ಬೇಕೋ ಆರಿಸಿಕೊಳ್ಳಿ ಅಂತ! ಒಟ್ಟೊ ಎಡಿತ್‌ಳನ್ನು ಒಪ್ಪಿಕೊಂಡ.

ಆದರೆ ಮದುವೆಯಾದ ಮೇಲೆ ಕಥೆ ಬೇರೆ. ಎಡಿತ್‌ಗೆ ಗಂಡ ಮಾಗ್ಡೆಬುರ್ಗ್ ಊರನ್ನೇ ಬರೆದುಕೊಟ್ಟ. ಇದಕ್ಕೆ 'ಮೋರ್ಗನ್‌ಗಾಬೆ' ಅಂತ ಹೆಸರು. ಅಂದರೆ ಬೆಳಗಿನ ಕಾಣಿಕೆ, ಮೊದಲ ರಾತ್ರಿಯ ಮರುದಿನ ಗಂಡ ಹೆಂಡತಿಗೆ ಕೊಡುವುದು. ನಮ್ಮ ಹಳೇ ಕಾಲದ ತೆರ ನೆನಪಾಗುತ್ತದೆ, ಅಲ್ವಾ? ತೆರ ಹೋಗುತ್ತಿದ್ದದ್ದು ಹೆಣ್ಣಿನ ತವರಿಗೆ. ಇದು ಹೆಣ್ಣಿನ ಕೈಗೇ. ಎಡಿತ್ 946ರಲ್ಲಿ ತೀರಿಕೊಂಡಳು. 2008ರಲ್ಲಿ ಮಾಗ್ಡೆಬುರ್ಗ್ ಚರ್ಚಿನಲ್ಲಿ ಅವಳ ಹೆಸರಿನ ಸೀಸದ ಪೆಟ್ಟಿಗೆ ಸಿಕ್ಕಿತು. ಒಳಗಿದ್ದ ಹಲ್ಲುಗಳನ್ನು ಪರೀಕ್ಷಿಸಿದಾಗ, ಆಕೆ ದಕ್ಷಿಣ ಇಂಗ್ಲೆಂಡಿನ ನೀರು ಕುಡಿದು ಬೆಳೆದವಳು ಅಂತ ಗೊತ್ತಾಯಿತು.

ಈ ಕಾಣಿಕೆ ಎಷ್ಟು ದೊಡ್ಡದಿರಬಹುದು ಅಂತ ನೋಡಬೇಕಾದರೆ ಥಿಯೋಫಾನುವಿನ ಮದುವೆ ಪತ್ರ ನೋಡಬೇಕು. 972ರ ಏಪ್ರಿಲ್ 14ರಂದು ರೋಮಿನಲ್ಲಿ ಅವಳಿಗೂ ಅದೇ ಒಟ್ಟೊನ ಮಗ ಎರಡನೇ ಒಟ್ಟೊಗೂ ಮದುವೆಯಾಯಿತು. ಅವಳು ಬೈಜಾಂಟಿಯಂ (ಪೂರ್ವ ರೋಮನ್ ಸಾಮ್ರಾಜ್ಯ) ಚಕ್ರವರ್ತಿಯ ಬಂಧು. ಅವನು ಇನ್ನೂ ಹದಿಹರೆಯದ ಹುಡುಗ. ಪತ್ರ ಈಗ ಜರ್ಮನಿಯ ವೋಲ್ಫೆನ್‌ಬ್ಯೂಟೆಲ್ ಪತ್ರಾಗಾರದಲ್ಲಿದೆ. ಸುಮಾರು ಒಂದೂವರೆ ಮೀಟರ್ ಉದ್ದದ ಚರ್ಮದ ಹಾಳೆ. ಮೇಲೆಲ್ಲ ಕೆಂಪು, ನೇರಳೆ ಬಣ್ಣ. ಬೈಜಾಂಟಿಯಂ ರೇಷ್ಮೆಯ ಹಾಗೆ ಕಾಣಲಿ ಅಂತ ವೃತ್ತಗಳೊಳಗೆ ಕಾದಾಡುವ ಪ್ರಾಣಿಗಳನ್ನು ಬಿಡಿಸಿದ್ದಾರೆ. ಅದರ ಮೇಲೆ ಚಿನ್ನದ ಅಕ್ಷರ. ಇಷ್ಟು ಚಂದದ ಆಸ್ತಿ ಪತ್ರವನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಚಂದ ಬಿಡಿ, ಒಳಗಿನ ಪಟ್ಟಿ ನೋಡಿ. ಇಟಲಿಯಲ್ಲಿ ಇಸ್ಟ್ರಿಯಾ ಮತ್ತು ಪೆಸ್ಕಾರಾ. ಆಲ್ಪ್ಸ್ ಬೆಟ್ಟದ ಉತ್ತರಕ್ಕೆ ಬೊಪ್ಪಾರ್ಡ್, ಟೀಲ್, ಹೆರ್ಫೋರ್ಡ್, ನಾರ್ಡ್‌ಹೌಸೆನ್‌ನಂಥ ರಾಜಮನೆತನದ ಸ್ವಂತ ಜಾಗಗಳು. ಜೊತೆಗೆ ನಿವೆಲ್ ಮಠ, ಅದರ 14,000 ಹಿಡುವಳಿಗಳ ಸಮೇತ. ಅವಳು ಸಾಮ್ರಾಜ್ಯದ ಪಾಲುದಾರಳು ಅಂತಲೂ ಬರೆದಿದೆ. ಹಾಗಂತ ಎಲ್ಲರೂ ಖುಷಿಯಾಗಿದ್ದರು ಅಂದುಕೊಳ್ಳಬೇಡಿ. ಕೇಳಿದ್ದು ಚಕ್ರವರ್ತಿಯ ಸ್ವಂತ ಮಗಳನ್ನು, ಬಂದದ್ದು ಬೇರೆ ಹುಡುಗಿ, ವಾಪಸ್ ಕಳಿಸಿ ಅಂತ ಕೆಲವರು ತಕರಾರು ತೆಗೆದರು. ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು ಗಂಡ ಸತ್ತಾಗ. 983ರ ಡಿಸೆಂಬರಿನಲ್ಲಿ ಎರಡನೇ ಒಟ್ಟೊ ರೋಮಿನಲ್ಲಿ 28ನೇ ವಯಸ್ಸಿಗೇ ತೀರಿಕೊಂಡ. ಮಗ ಮೂರನೇ ಒಟ್ಟೊಗೆ 3 ವರ್ಷ. ಸಾವಿನ ಸುದ್ದಿ ತಲುಪುವ ಮೊದಲೇ, ಕ್ರಿಸ್‌ಮಸ್ ದಿನ, ಆಖೆನ್‌ನಲ್ಲಿ ಮಗುವಿಗೆ ಕಿರೀಟ ಇಟ್ಟಾಗಿತ್ತು. ಸುದ್ದಿ ಬಂದದ್ದೇ ತಡ, ದಾಯಾದಿ ಹೆನ್ರಿ ಮಗುವನ್ನು ತನ್ನ ವಶಕ್ಕೆ ತೆಗೆದುಕೊಂಡ. ಇವನಿಗೆ 'ಜಗಳಗಂಟ' ಅಂತಲೇ ಅಡ್ಡಹೆಸರು. ಮುಂದಿನ ಈಸ್ಟರ್ ಹೊತ್ತಿಗೆ ತಾನೇ ರಾಜ ಅಂತ ಘೋಷಿಸಿಕೊಂಡ. ಆಗ ಅತ್ತೆ ಸೊಸೆ ಇಬ್ಬರೂ ಇಟಲಿಯಿಂದ ಹೊರಟು ಬಂದರು. ಅತ್ತೆ ಅಡೆಲ್‌ಹೈಡ್ ಕೂಡ ಸಾಮಾನ್ಯಳಲ್ಲ. ಮೊದಲ ಗಂಡ ಸತ್ತ ಮೇಲೆ ಸೆರೆಗೆ ಬಿದ್ದು, ತಪ್ಪಿಸಿಕೊಂಡು, ಮೊದಲನೇ ಒಟ್ಟೊನನ್ನು ಮದುವೆಯಾದವಳು. (ಎಡಿತ್ ಆಗಲೇ ಇರಲಿಲ್ಲ.) ಮೈನ್ಜ್‌ನ ಆರ್ಚ್‌ಬಿಷಪ್ ವಿಲ್ಲಿಗಿಸ್ ಇವರ ಪರ ನಿಂತ. 984ರ ಜೂನ್‌ನಲ್ಲಿ ಹೆನ್ರಿ ಮಗುವನ್ನು ಒಪ್ಪಿಸಲೇಬೇಕಾಯಿತು.

ಅಲ್ಲಿಂದ 991ರಲ್ಲಿ ಸಾಯುವ ತನಕ ಮಗನ ಹೆಸರಿನಲ್ಲಿ ಆಳಿದ್ದು ಥಿಯೋಫಾನುವೇ. 990ರಲ್ಲಿ ರವೆನ್ನಾದಲ್ಲಿ ಹೊರಟ ಒಂದು ಪತ್ರದಲ್ಲಿ ಹೆಸರು 'ಥಿಯೋಫಾನಿಯುಸ್, ಇಂಪೆರಾಟೊರ್' ಅಂತಿದೆ. ಹೆಸರನ್ನೂ ಪುಲ್ಲಿಂಗ ಮಾಡಿಬಿಟ್ಟಿದ್ದಾರೆ. ಚಕ್ರವರ್ತಿನಿ ಅಲ್ಲ, ಚಕ್ರವರ್ತಿ!

ಹೆಣ್ಣುಮಕ್ಕಳನ್ನು ಹೊರಗೆ ಕೊಡುವಾಗ ಮಾತ್ರ ಈ ಮನೆತನ ಕೈ ಬಿಗಿ ಹಿಡಿಯುತ್ತಿತ್ತು. ಅಳಿಯ ಬಂದರೆ ಮೊಮ್ಮಗ ಬರುತ್ತಾನೆ, ಮೊಮ್ಮಗ ಪಾಲು ಕೇಳುತ್ತಾನೆ. ಅದಕ್ಕೇ ಥಿಯೋಫಾನುವಿನ ಇಬ್ಬರು ಹೆಣ್ಣುಮಕ್ಕಳು ಮಠ ಸೇರಿದರು. ಅಡೆಲ್‌ಹೈಡ್ (ಅಜ್ಜಿಯ ಹೆಸರೇ) ಕ್ವೆಡ್ಲಿನ್‌ಬುರ್ಗ್‌ಗೆ, ಸೋಫಿಯಾ ಗಾಂಡರ್ಸ್‌ಹೈಮ್‌ಗೆ. ಮಠ ಅಂದರೆ ಮೂಲೆಗುಂಪಲ್ಲ. 997ರಲ್ಲಿ ಮೂರನೇ ಒಟ್ಟೊ ಇಟಲಿಗೆ ಹೋಗುವಾಗ ರಾಜ್ಯ ಬಿಟ್ಟು ಹೋದದ್ದು ಕ್ವೆಡ್ಲಿನ್‌ಬುರ್ಗ್ ಮಠದ ಒಡತಿಯಾಗಿದ್ದ ಸೋದರತ್ತೆ ಮಟಿಲ್ಡಾಳ ಕೈಯಲ್ಲಿ.

ಹಾಗಾದರೆ ಆಸ್ತಿ ಪತ್ರ ಇದ್ದರೆ ಸಾಕಾ? ಸಾಲದು. ಮಗ ಹತ್ತಿರ ಇರಬೇಕು, ಬಿಷಪ್ಪುಗಳು ಜೊತೆಗಿರಬೇಕು. ಆಗ್ನೆಸ್ ರಾಣಿಯ ಪಾಡು ನೋಡಿ. 1056ರಲ್ಲಿ ಗಂಡ ಮೂರನೇ ಹೆನ್ರಿ ಸತ್ತ. 5 ವರ್ಷದ ಮಗನ ಪರವಾಗಿ ಅವಳು ಆಳುತ್ತಿದ್ದಳು. 1062ರಲ್ಲಿ ರೈನ್ ನದಿ ದಂಡೆಯ ಕೈಸರ್ಸ್‌ವರ್ಟ್‌ನಲ್ಲಿ ಕೊಲೋನ್‌ನ ಆರ್ಚ್‌ಬಿಷಪ್ ಆನ್ನೊ ಊಟ ಮುಗಿದ ಮೇಲೆ ಹುಡುಗನಿಗೆ, ಬಾ, ಒಂದು ಚಂದದ ದೋಣಿ ತೋರಿಸ್ತೀನಿ ಅಂತ ಕರೆದುಕೊಂಡು ಹೋದ. ಹುಡುಗ ಹತ್ತಿದ, ದೋಣಿ ಹೊರಟೇಬಿಟ್ಟಿತು. ಅಪಹರಣ ಅಂತ ತಿಳಿದು ಹುಡುಗ ನದಿಗೆ ಹಾರಿದ. ಒಬ್ಬ ಸರದಾರ ಹಿಂದೆಯೇ ಧುಮುಕಿ ಮೇಲೆತ್ತಿ ತಂದ. ಆಗ್ನೆಸ್ ಮಗನನ್ನು ಬಿಡಿಸಿಕೊಳ್ಳಲು ದಂಡೆತ್ತಿ ಹೋಗಲಿಲ್ಲ. ಅಧಿಕಾರ ಆನ್ನೊನ ಪಾಲಾಯಿತು. ಅವಳು ಕೊನೆಗೆ ರೋಮಿಗೆ ಹೋಗಿ, 1077ರಲ್ಲಿ ಅಲ್ಲೇ ತೀರಿಕೊಂಡಳು.