ಪ್ರಯೋಗಾಲಯದ ಬಾಗಿಲು ತೆಗೆಸಿ ನೋಡಿ

ನೀಟ್ ಫಲಿತಾಂಶ ಬಂದ ಮೇಲೆ ನಮ್ಮ ವಿಭಾಗಕ್ಕೆ ತಂದೆ ತಾಯಂದಿರು ಬರತೊಡಗುತ್ತಾರೆ. ‘ಮೆಡಿಕಲ್ ಸೀಟು ಸಿಗಲಿಲ್ಲ ಮೇಡಂ, ಬಿಎಸ್ಸಿಗೆ ಯಾವ ಕಾಲೇಜು ಒಳ್ಳೆಯದು?’ ಸಸ್ಯಶಾಸ್ತ್ರ ಕಲಿಸುವ ನಾನು ಎಲ್ಲರಿಗೂ ಹೇಳುವುದು ಒಂದೇ: ಪ್ರಾಕ್ಟಿಕಲ್ ನಡೆಯುವ ಮಧ್ಯಾಹ್ನ ಹೋಗಿ ಪ್ರಯೋಗಾಲಯ ನೋಡಿ.

ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ವಿಭಜನೆ ನೋಡುವ ಪ್ರಯೋಗವನ್ನೇ ತೆಗೆದುಕೊಳ್ಳಿ. ಬೇರನ್ನು ಆಮ್ಲದಲ್ಲಿ ಮೆತ್ತಗಾಗಿಸಿ, ಅಸಿಟೋಕಾರ್ಮೈನ್ ಬಣ್ಣ ಕೊಟ್ಟು, ಕವರ್ ಸ್ಲಿಪ್ ಇಟ್ಟು ಹೆಬ್ಬೆರಳಿನಿಂದ ಅದುಮಬೇಕು. ಮೊದಲ ಮೂರು ನಾಲ್ಕು ಸ್ಲೈಡ್ ಕೆಟ್ಟೇ ಕೆಡುತ್ತವೆ. ಆಮೇಲೊಂದರಲ್ಲಿ ಕೆಂಪು ವರ್ಣತಂತುಗಳು ಕೋಶದ ನಡುವೆ ಸಾಲುಗಟ್ಟಿ ನಿಂತದ್ದು ಕಾಣುತ್ತದೆ. ಅದನ್ನು ಕಂಡ ಹುಡುಗಿ ಕಣ್ಣು ಕೀಳದೆ ಪಕ್ಕದವಳನ್ನು ಕರೆಯುವ ದನಿ ಕೇಳಬೇಕು! ಹಾಗೆ ಕೆಡಿಸಿ ಕಲಿಯಲು ಇಬ್ಬರಿಗೊಂದಾದರೂ ಸೂಕ್ಷ್ಮದರ್ಶಕ ಬೇಕು. ಹತ್ತು ಮಂದಿಗೆ ಒಂದಿದ್ದರೆ ಸಿದ್ಧ ಸ್ಲೈಡ್ ತೋರಿಸಿ ಕಳಿಸುತ್ತಾರೆ. ಮಕ್ಕಳ ರೆಕಾರ್ಡ್ ಪುಸ್ತಕ ತಿರುವಿ ನೋಡಿ. ಎಲ್ಲರದ್ದೂ ಒಂದೇ ಚಿತ್ರವಾಗಿದ್ದರೆ ಅದು ಹಿಂದಿನ ವರ್ಷದವರ ಪುಸ್ತಕದಿಂದ ಇಳಿದದ್ದು.

ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿ ನ್ಯಾಕ್ ಕೊಡುವ ಶ್ರೇಣಿ ಇಡೀ ಸಂಸ್ಥೆಗೆ ಸಿಗುವಂಥದ್ದು. ಅಲ್ಲಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟಿದ್ದಾರೆ ಎಂಬುದು ಅದರಿಂದ ತಿಳಿಯುವುದಿಲ್ಲ, ಕೇಳಿಯೇ ತಿಳಿಯಬೇಕು. ಅತಿಥಿ ಉಪನ್ಯಾಸಕರಲ್ಲಿ ಅತ್ಯುತ್ತಮರನ್ನು ಕಂಡಿದ್ದೇನೆ. ಆದರೆ ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂಬ ಚಿಂತೆಯಲ್ಲಿರುವವರು ಮಕ್ಕಳ ಪ್ರಾಜೆಕ್ಟನ್ನು ಎರಡು ವರ್ಷ ಹೇಗೆ ನಡೆಸಿಯಾರು?

ಹೆಸರಾಂತ ಕಾಲೇಜು ಬೇಡವೆಂದಲ್ಲ. ಮೈಸೂರಿನ ಯುವರಾಜ, ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜುಗಳಿಗೆ ವಿಶ್ವವಿದ್ಯಾಲಯದ ಆಸರೆಯಿದೆ. ಸಂಶೋಧನೆಯ ಹಂಬಲವಿದ್ದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಪದವಿಯೂ ಉಂಟು. ಆದರೆ ಶಿರಸಿ, ಸಾಗರದಂಥ ಊರಿನ ಕಾಲೇಜನ್ನು ಕಡೆಗಣಿಸಬೇಡಿ. ಮಳೆಗಾಲದಲ್ಲಿ ಅಲ್ಲಿನ ದರೆಯ ಮೇಲೆಯೇ ಸೆಲಾಜಿನೆಲ್ಲಾ ಎಂಬ, ಜರೀಗಿಡದ ಹತ್ತಿರದ ಪುಟ್ಟ ಹೂಬಿಡದ ಸಸ್ಯ ಹಸಿರು ಹಾಸಿರುತ್ತದೆ. ನಗರದ ಮಕ್ಕಳು ಅದನ್ನು ಫಾರ್ಮಲಿನ್ ಬಾಟಲಿಯಲ್ಲಿ, ಬಣ್ಣಗೆಟ್ಟ ಕಡ್ಡಿಯಾಗಿ ನೋಡುತ್ತಾರೆ.

ವಿಷಯ ಸಂಯೋಜನೆಯಲ್ಲಿ ಎಡವಿದವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಕಷ್ಟವೆಂದು ರಸಾಯನಶಾಸ್ತ್ರ ಬಿಟ್ಟವರಿಗೆ ಜೀವರಸಾಯನಶಾಸ್ತ್ರದ ಎಂಎಸ್ಸಿ ಬಾಗಿಲು ಹೆಚ್ಚಿನ ಕಡೆ ಮುಚ್ಚುತ್ತದೆ. ಪ್ರೌಢಶಾಲೆಯ ಮೇಷ್ಟರಾಗುವ ಆಸೆಯಿದ್ದರೆ ಸಿಬಿಝಡ್, ಅಂದರೆ ರಸಾಯನ, ಸಸ್ಯ, ಪ್ರಾಣಿಶಾಸ್ತ್ರ, ಹಿಡಿಯುವುದೇ ಕ್ಷೇಮ. 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಅಣ್ಣ ಅಕ್ಕಂದಿರು ಓದಿದ ವಿಷಯಗಳ ಪಟ್ಟಿ ನಂಬದೆ ಈ ವರ್ಷದ್ದನ್ನೇ ಕೇಳಿ ಪಡೆಯಿರಿ.

ಹಾಗೆಯೇ ನಿಮ್ಮೂರಿನ ಕೊನೆಯ ಬಸ್ಸು ಎಷ್ಟು ಗಂಟೆಗೆಂದೂ ವಿಚಾರಿಸಿ. ಬಣ್ಣ ಕೊಟ್ಟ ಸ್ಲೈಡನ್ನು ಮೇಜಿನ ಮೇಲೆಯೇ ಬಿಟ್ಟು, ನಾಲ್ಕೂವರೆಗೆ ಬ್ಯಾಗು ಹೆಗಲಿಗೇರಿಸಿ ಓಡುವ ಮಕ್ಕಳು ನನ್ನ ತರಗತಿಯಲ್ಲಿ ಪ್ರತಿ ವರ್ಷವೂ ಇರುತ್ತಾರೆ.