ಭೇದಿಯಲ್ಲೂ ಮುಚ್ಚದ ಬಾಗಿಲು

ಹೋದ ಬೇಸಿಗೆಯಲ್ಲಿ ನಮ್ಮ ಬೀದಿಯ ಎರಡು ವರ್ಷದ ಮಗುವಿಗೆ ಭೇದಿ ಹತ್ತಿಕೊಂಡಿತು. ಮನೆಯ ಹಿರಿಯರು ಮೊದಲು ದೃಷ್ಟಿ ತೆಗೆದರು. ಆಮೇಲೆ "ನೀರು ಕೊಟ್ಟಷ್ಟೂ ಜಾಸ್ತಿ ಹೋಗುತ್ತೆ" ಅಂತ ನೀರು ಕೊಡುವುದನ್ನೇ ನಿಲ್ಲಿಸಿದರು. ಸಂಜೆ ಹೊತ್ತಿಗೆ ಮಗುವಿನ ಕಣ್ಣು ಗುಳಿ ಬಿದ್ದಿತ್ತು. ಅತ್ತರೆ ಕಣ್ಣೀರೂ ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ಸ್ ಹಾಕಿ ಉಳಿಸಿದರು.

ದೃಷ್ಟಿ ತೆಗೆದದ್ದರಿಂದ ಮಗುವಿಗೆ ಹೊತ್ತು ನಷ್ಟವಾಯಿತು. ನೀರು ನಿಲ್ಲಿಸಿದ್ದರಿಂದ ಪ್ರಾಣವೇ ಹೋಗುತ್ತಿತ್ತು. ಬೆಳಿಗ್ಗೆಯಿಂದಲೇ ಓಆರ್‌ಎಸ್, ಅಂದರೆ ಅಳತೆಯಂತೆ ಉಪ್ಪು ಸಕ್ಕರೆ ಬೆರೆಸಿದ ನೀರನ್ನು, ಚಮಚದಲ್ಲಿ ಕುಡಿಸಿದ್ದರೆ ಡ್ರಿಪ್ಸ್ ಬೇಕಾಗದೆಯೂ ಇರಬಹುದಿತ್ತು. ಇದನ್ನು ಹೇಳಿದರೆ ಜನ ನಂಬುವುದಿಲ್ಲ. "ಉಪ್ಪು ಸಕ್ಕರೆ ನೀರಲ್ಲಿ ಏನಿದೆ?" ಅನ್ನುತ್ತಾರೆ. ಏನಿದೆ ಅಂತ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ನನ್ನ ಮಟ್ಟಿಗೆ ಇಡೀ ವೈದ್ಯಶಾಸ್ತ್ರದಲ್ಲಿ ಇಷ್ಟು ಸೊಗಸಾದ ಸಂಗತಿ ಇನ್ನೊಂದಿಲ್ಲ.

ದೊಡ್ಡವರ ಕರುಳಿಗೆ ದಿನಕ್ಕೆ ಸುಮಾರು 8-9 ಲೀಟರ್ ನೀರು ಬರುತ್ತದೆ. ನಾವು ಕುಡಿಯುವುದು, ತಿನ್ನುವುದು ಸೇರಿ 2 ಲೀಟರ್ ಇರಬಹುದು. ಉಳಿದದ್ದೆಲ್ಲ ಜೊಲ್ಲು, ಜಠರರಸ, ಪಿತ್ತ, ಕರುಳಿನದೇ ರಸ. ಇಷ್ಟರಲ್ಲಿ ಮಲದಲ್ಲಿ ಹೊರಗೆ ಹೋಗುವುದು ಒಂದು ಲೋಟದಷ್ಟೂ ಇಲ್ಲ. ಮಿಕ್ಕದ್ದನ್ನು ಕರುಳು ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತದೆ.

ಆದರೆ ನೀರನ್ನೇ ಹಿಡಿದೆಳೆಯುವ ಯಂತ್ರ ಕರುಳಿನಲ್ಲಿಲ್ಲ. ಅದು ಎಳೆಯುವುದು ಉಪ್ಪನ್ನು. ಉಪ್ಪು ಹೋದ ಕಡೆ ನೀರು ತಾನೇ ಹೋಗುತ್ತದೆ. ಇದು ಉಪ್ಪಿನಕಾಯಿ ಹಾಕಿದ ಎಲ್ಲರಿಗೂ ಗೊತ್ತು. ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟರೆ ರಾತ್ರಿ ಕಳೆಯುವುದರೊಳಗೆ ನೀರು ಬಿಟ್ಟಿರುತ್ತದೆ. ಹೋಳಿನೊಳಗಿನ ನೀರನ್ನು ಹೊರಗಿನ ಉಪ್ಪು ಕರೆಸಿಕೊಂಡಿತು, ಅಷ್ಟೇ.

ಕರುಳಿನ ಗೋಡೆಯ ಜೀವಕೋಶಕ್ಕೆ ಎರಡು ಕಡೆ ಬಾಗಿಲು. ಹಿಂಬಾಗಿಲು ರಕ್ತದ ಕಡೆಗಿದೆ. ಉಪ್ಪು ಅಂದರೆ ಸೋಡಿಯಂ ಮತ್ತು ಕ್ಲೋರೈಡ್ ಸೇರಿದ್ದು; ಅಲ್ಲೊಂದು ಪಂಪು ಹಗಲೂ ರಾತ್ರಿ ಆ ಸೋಡಿಯಂ ಅನ್ನು ಹೊರಗೆ ಎತ್ತಿ ಹಾಕುತ್ತಲೇ ಇರುತ್ತದೆ. ಹಾಗಾಗಿ ಕೋಶದೊಳಗೆ ಸೋಡಿಯಂಗೆ ಯಾವಾಗಲೂ ಬರ. ಮುಂಬಾಗಿಲು ಕರುಳಿನ ಕಡೆಗಿದೆ. ಅಲ್ಲಿ ಸೋಡಿಯಂ ನುಗ್ಗಲು ಕಾದಿರುತ್ತದೆ, ಆದರೆ ಬಾಗಿಲು ಸುಮ್ನೆ ತೆರೆಯುವುದಿಲ್ಲ. ಬ್ಯಾಂಕ್ ಲಾಕರ್ ನೆನಪಿಸಿಕೊಳ್ಳಿ. ನಿಮ್ಮ ಕೀ ಒಂದರಿಂದಲೇ ಅದು ತೆರೆಯದು, ಬ್ಯಾಂಕಿನವರ ಕೀಯೂ ಬೇಕು. ಈ ಬಾಗಿಲೂ ಹಾಗೇ. ಎರಡು ಸೋಡಿಯಂ ಕಣ ಮತ್ತು ಒಂದು ಗ್ಲುಕೋಸ್, ಅಂದರೆ ಸಕ್ಕರೆಯ ಕಣ, ಒಟ್ಟಿಗೆ ಬಂದು ಕೂತರೆ ಮಾತ್ರ ಒಳಕ್ಕೆ ಬಿಡುತ್ತದೆ. ಸಕ್ಕರೆ ಇಲ್ಲದೆ ಉಪ್ಪಿಗೆ ಇಲ್ಲಿ ಜಾಗವಿಲ್ಲ, ಉಪ್ಪಿಲ್ಲದೆ ಸಕ್ಕರೆಗೂ ಇಲ್ಲ. ಜೋಡಿ ಒಳಗೆ ಹೋದ ಮೇಲೆ ನೀರು ಹಿಂದೆಯೇ ಬರುತ್ತದೆ, ಮಾವಿನಕಾಯಿ ಭರಣಿಯಲ್ಲಿ ಬಂದ ಹಾಗೆ.

ಕಾಲರಾ ರೋಗಾಣುವಿನ ವಿಷ ಏನು ಮಾಡುತ್ತದೆ ಗೊತ್ತಾ? ಕರುಳಿನ ಇನ್ನೊಂದು ಗೇಟನ್ನು, ಕ್ಲೋರೈಡ್ ಹೊರಹೋಗುವ ಗೇಟನ್ನು, ಮುಚ್ಚದಂತೆ ತೆರೆದುಬಿಡುತ್ತದೆ. ಕ್ಲೋರೈಡ್ ಸುರಿಯುತ್ತದೆ, ಜೊತೆಗೆ ಸೋಡಿಯಂ, ಅದರ ಹಿಂದೆ ನೀರು. ಜೋರಾದ ಕಾಲರಾದಲ್ಲಿ ಗಂಟೆಗೆ ಒಂದು ಲೀಟರ್‌ವರೆಗೂ ಹೋಗಬಹುದು. ಬರೀ ನೀರು ಕುಡಿಸಿದರೆ ಅದೂ ಹೊರಗೇ. ಆದರೆ ಆ ಜೋಡಿ ಬಾಗಿಲನ್ನು ವಿಷ ಮುಟ್ಟುವುದಿಲ್ಲ! ಅದು ಹಾಗೇ ಕೆಲಸ ಮಾಡುತ್ತಿರುತ್ತದೆ. ಮಕ್ಕಳಿಗೆ ಭೇದಿ ತರುವ ರೋಟಾ ವೈರಸ್ ಕರುಳಿನ ಗೋಡೆಯನ್ನು ಅಲ್ಲಲ್ಲಿ ಕೆಡಿಸುತ್ತದೆ, ಆದರೂ ಉಳಿದ ಬಾಗಿಲುಗಳೇ ಸಾಮಾನ್ಯವಾಗಿ ಸಾಕಾಗುತ್ತವೆ. ಓಆರ್‌ಎಸ್ ಭೇದಿಯನ್ನು ನಿಲ್ಲಿಸುವ ಔಷಧಿ ಅಲ್ಲ. ಭೇದಿ ತಾನಾಗಿ ನಿಲ್ಲುವವರೆಗೆ, ಹೋದಷ್ಟನ್ನು ಈ ಬಾಗಿಲಿನಿಂದ ತುಂಬಿಸುತ್ತಾ ಇರುತ್ತದೆ.

ಇದು ಹೊಳೆಯಲು ಎಷ್ಟು ಕಾಲ ಬೇಕಾಯಿತು ನೋಡಿ. 1832ರಲ್ಲೇ ಸ್ಕಾಟ್ಲೆಂಡಿನ ಥಾಮಸ್ ಲಟ್ಟಾ ಕಾಲರಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಕೊಟ್ಟಿದ್ದರು. 1953ರಲ್ಲಿ ಕಲ್ಕತ್ತಾದ ಹೇಮೇಂದ್ರನಾಥ ಚಟರ್ಜಿ 186 ಕಾಲರಾ ರೋಗಿಗಳಿಗೆ ಉಪ್ಪು-ಗ್ಲುಕೋಸ್ ನೀರು ಕುಡಿಸಿದ್ದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಹೆಚ್ಚಿನವರು ಕಿವಿಗೊಡಲಿಲ್ಲ. ಸಕ್ಕರೆಗೂ ಉಪ್ಪಿಗೂ ಏನು ನಂಟು ಅಂತ ಆಗ ವಿವರಿಸುವವರಿರಲಿಲ್ಲ. 1960ರಲ್ಲಿ ವಿಜ್ಞಾನಿ ರಾಬರ್ಟ್ ಕ್ರೇನ್ ಪ್ರಾಗ್‌ನ ಒಂದು ಸಭೆಯಲ್ಲಿ ಜೋಡಿ ಬಾಗಿಲಿನ ವಿಚಾರ ಮುಂದಿಟ್ಟರು. 1968ರಲ್ಲಿ ಢಾಕಾದಲ್ಲಿ ವೈದ್ಯರಾದ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಕಾಲರಾ ರೋಗಿಗಳಿಗೆ ಅಳತೆ ಹಿಡಿದು ಕುಡಿಸಿ, ಇದು ಕೆಲಸ ಮಾಡುತ್ತದೆ ಅಂತ ತೋರಿಸಿದರು.

ನಿಜವಾದ ಪರೀಕ್ಷೆ ಬಂದದ್ದು 1971ರಲ್ಲಿ, ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ. ಗಡಿಯ ಬನಗಾಂವ್ ಆಸ್ಪತ್ರೆಯಲ್ಲಿ ನೆಲದ ಮೇಲೆಲ್ಲ ಕಾಲರಾ ರೋಗಿಗಳು. ಡ್ರಿಪ್ಸ್ ಬಾಟಲಿ ಮುಗಿಯುತ್ತಾ ಬಂದಿತ್ತು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲುಕೋಸ್ ಅಳೆದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಸಿದರು. ಚೀಲದ ಬಾಯಿಯನ್ನು ಇಸ್ತ್ರಿ ಪೆಟ್ಟಿಗೆಯಿಂದ ಅಂಟಿಸಿದರು. ಡ್ರಮ್ಮಿನಲ್ಲಿ ಕಲಸಿ ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. 100ಕ್ಕೆ 30ರಂತೆ ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು, ಪದ್ಮವಿಭೂಷಣ ಬಂದದ್ದು 2023ರಲ್ಲಿ. ಇಷ್ಟು ತಡ ಮಾಡಬಾರದಿತ್ತು ಅಂತ ನನಗೆ ಈಗಲೂ ನೋವಿದೆ.

ಅಳತೆಯ ವಿಷಯಕ್ಕೆ ಬರೋಣ. 2002ರಿಂದ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲುಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಶಿಯಂ ಮತ್ತು ಸಿಟ್ರೇಟ್ ಇರುತ್ತವೆ. ಲೀಟರಿನ ಪ್ಯಾಕೆಟ್ ಒಡೆದು ಒಂದೇ ಲೋಟಕ್ಕೆ ಸುರಿಯುವವರನ್ನು ನಾನೇ ಕಂಡಿದ್ದೇನೆ. ಅದು ಅಪಾಯ. ಸಕ್ಕರೆ, ಉಪ್ಪು ಅತಿಯಾದರೆ ಕರುಳೇ ಉಪ್ಪಿನಕಾಯಿ ಭರಣಿಯಾಗುತ್ತದೆ, ಮೈಯ ನೀರನ್ನು ಒಳಕ್ಕೆ ಎಳೆದುಕೊಂಡು ಭೇದಿ ಜಾಸ್ತಿಯಾಗುತ್ತದೆ. ತೀರಾ ಸಿಹಿಯಾದ ಜ್ಯೂಸ್, ಸೋಡಾ ಪಾನೀಯಗಳ ತೊಂದರೆಯೂ ಇದೇ. ಹೆಸರಿನಲ್ಲಿ ಓಆರ್‌ಎಸ್ ಅಂತ ಹಾಕಿಕೊಂಡ ಸಿಹಿ ಪಾನೀಯಗಳಿಗೆ 2025ರ ಅಕ್ಟೋಬರ್‌ನಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಆ ಪದ ಬಳಸಬಾರದು ಅಂದಿತು. ಓದಿ ನಿರಾಳವಾಯಿತು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ. ಉಪ್ಪು ಹಾಕಿದ ಅಕ್ಕಿ ಗಂಜಿ ಮಾತ್ರ ನಮ್ಮ ಅಜ್ಜಿಯರ ದೊಡ್ಡ ಉಪಕಾರ. ಅದರ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲುಕೋಸ್ ಆಗುತ್ತಾ ಬಾಗಿಲಿಗೆ ಕೀ ಒದಗಿಸುತ್ತಾ ಇರುತ್ತದೆ.

ಹಲ್ಲು ಬರುವಾಗ ಭೇದಿ ಸಹಜ ಅಂತ ಸುಮ್ಮನಿರಬೇಡಿ. ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಡಿ. ಮಡಿಕೆ ನಿಧಾನಕ್ಕೆ ಇಳಿದರೆ, ಮಗು ಮಂಕಾಗಿದ್ದರೆ, ಕುಡಿಯಲಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಓಡಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ಪುಟ್ಟ ಮಕ್ಕಳಿಗೆ ಕೊಡಲೇಬೇಡಿ. ಆ್ಯಂಟಿಬಯೋಟಿಕ್ ವೈರಸ್ಸಿನ ಭೇದಿಗೆ ನಾಟುವುದಿಲ್ಲ. ಸತು ಅಂದರೆ ಜಿಂಕ್ ಮಾತ್ರೆ 10-14 ದಿನ ಕೊಡಲು ವೈದ್ಯರು ಹೇಳುತ್ತಾರೆ, ಭೇದಿ ನಿಂತರೂ ಅದನ್ನು ಮುಗಿಸಿ. ಎದೆಹಾಲು ನಿಲ್ಲಿಸಬೇಡಿ.

ಕುಡಿಸಿದ್ದನ್ನು ಮಗು ವಾಂತಿ ಮಾಡಿದರೆ ಹೆದರಿ ಲೋಟ ಪಕ್ಕಕ್ಕಿಡುವವರೇ ಹೆಚ್ಚು. ಹತ್ತು ನಿಮಿಷ ಕಾಯಿರಿ. ಆಮೇಲೆ ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರು ಮಾಡಿ.